ಸೀಸದ ಸಿಪಾಯಿಗಳ ಕಾಲಡಿ

ಕೆಳದವಡೆಯ ಹಲ್ಲಿನ ಸೆಟ್ಟು ಸರಿಯಾಗಿ ಕೂತಿದೆ, ಇನ್ನು ಮನೆಗೆ ಹೋಗಬಹುದು ಎಂದು ಡಾಕ್ಟ್ರು ಹೇಳಿದ ಮೇಲೂ ಸಾಹೇಬರು ಹೋಗಲಿಲ್ಲ. ಹಿಂದಿನ ಕೋಣೆಯ ಬಾಗಿಲಿಗೆ ಬಂದು, ನಾನು ಪ್ಲಾಸ್ಟರ್ ಕಲಸುವುದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಜೇಬಿನಿಂದ ಕರವಸ್ತ್ರದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟು, "ಬಿಚ್ಚಿ ನೋಡಿ," ಎಂದರು.

ಒಳಗಿದ್ದದ್ದು ಸೀಸದ ಸಿಪಾಯಿಗಳು. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ನೀಲಿ ಕೋಟು, ಬಿಳಿ ಇಜಾರು, ಹೆಗಲಿಗೆ ಬಂದೂಕು. ಕೋಟಿನ ಗುಂಡಿಗಳಿಗೂ ಯಾರೋ ಬಣ್ಣ ಮುಟ್ಟಿಸಿದ್ದರು. ಕಾಲಡಿಯಲ್ಲಿ ಮಾತ್ರ ರಟ್ಟಿನ ಚೂರು, ಅದರ ಮೇಲೆ ಅಂಟಿಸಿದ ಮರಳು. ಮಳೆಗಾಲದ ಥಂಡಿಗೆ ರಟ್ಟು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಮೇಜಿನ ಮೇಲೆ ನಿಲ್ಲಿಸಿದರೆ ಒಬ್ಬ ಹಿಂದಕ್ಕೆ ವಾಲುತ್ತಿದ್ದ, ಇನ್ನೊಬ್ಬ ಪಕ್ಕದವನ ಮೈಮೇಲೆ ಬೀಳುತ್ತಿದ್ದ.

"ನೀವು ಹಲ್ಲಿಗೆ ಪ್ಲೇಟ್ ಮಾಡ್ತೀರಲ್ಲ," ಎಂದರು ಸಾಹೇಬರು. "ಇವಕ್ಕೂ ಒಂದೊಂದು ಮಾಡ್ಲಿಕ್ಕೆ ಆಗ್ತದಾ?"

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಂಗಳೂರಿನ ಬಲ್ಮಠದ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಕಟ್ಟುಹಲ್ಲು ತಯಾರಿಸುತ್ತಿದ್ದೆ. ಸಾಹೇಬರದ್ದು ಬಂದರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಬ್ಯಾರಿ ಮನೆತನ. ಅವರು ಮಾತ್ರ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಗಲ್ಫಿಗೆ ಹೋಗಿ, ಒಂದು ಎಣ್ಣೆ ಕಂಪನಿಯ ಉಗ್ರಾಣದಲ್ಲಿ ಬಹಳ ವರ್ಷ ದುಡಿದು ಬಂದಿದ್ದರು. ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ಇಂಗ್ಲಿಷ್ ಇಂಜಿನಿಯರನಿಗೆ ಯುದ್ಧದ ಆಟದ ಹುಚ್ಚು. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಸೇತುವೆ ಮಾಡಿ, ಎರಡು ಕಡೆ ಸಣ್ಣ ಸಿಪಾಯಿ, ಕುದುರೆ ಸವಾರ, ಫಿರಂಗಿಗಳ ಸೈನ್ಯ ನಿಲ್ಲಿಸಿ, ಸ್ಕೇಲಿನಲ್ಲಿ ಅಳೆದು ಮುಂದೆ ಸರಿಸುವುದು, ದಾಳ ಹಾಕಿ ಯಾರಿಗೆ ಗುಂಡು ತಾಗಿತೆಂದು ತೀರ್ಮಾನಿಸುವುದು. ಎದುರಾಳಿ ಸಿಗದೆ ಅವನು ಸಾಹೇಬರಿಗೆ ಆಟ ಕಲಿಸಿದ. ಊರಿಗೆ ಮರಳುವಾಗ ಎರಡೂ ಸೈನ್ಯಗಳನ್ನು ಅವರಿಗೇ ಕೊಟ್ಟುಹೋದ. ಸಾಹೇಬರು ಅವನ್ನು ಕಂಬಳಿಗಳ ನಡುವೆ ಸುತ್ತಿ ಟ್ರಂಕಿನಲ್ಲಿ ತಂದರು. ಮಂಗಳೂರಿನಲ್ಲಿ ಅವರಿಗೆ ಎದುರಾಳಿಯಾದವರು ಶಾಲೆಯಲ್ಲಿ ಜೊತೆಗೆ ಓದಿದ ಶೆಟ್ರು. ಬಲ್ಮಠದಲ್ಲೇ ಶೆಟ್ರ ಹೋಟೆಲು. ಅದರ ಮಾಳಿಗೆಯ ಖಾಲಿ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನದ ಮೇಲೆ ಯುದ್ಧ.

ಇದನ್ನೆಲ್ಲ ಸಾಹೇಬರು ನಿಧಾನವಾಗಿ, ನಡುನಡುವೆ ನಗುತ್ತ ಹೇಳಿದರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲಸ ನನಗೆ ಹಗುರವಾಗಿಯೇ ಕಂಡಿತು. ಕಟ್ಟುಹಲ್ಲಿನ ಪ್ಲೇಟು ವಸಡಿನ ಮೇಲೆ ಅಲುಗದೆ ಕೂರಬೇಕು, ಸಿಪಾಯಿಯ ಪ್ಲೇಟು ಮೇಜಿನ ಮೇಲೆ ಅಲುಗದೆ ಕೂರಬೇಕು. ಮೇಜು ವಸಡಿಗಿಂತ ಸುಲಭ ಅಲ್ಲವೇ ಎಂದುಕೊಂಡೆ.

ಮೊದಲು ಕೈಗೆ ಸಿಕ್ಕಿದ್ದು ಪ್ಲಾಸ್ಟರು. ಮೇಣದ ಹಾಳೆಯಲ್ಲಿ ದುಂಡನೆಯ ತೂತುಗಳನ್ನು ಕೊರೆದು, ದವಡೆಯ ಅಚ್ಚಿಗೆ ಬಳಸುವ ಗಟ್ಟಿ ಜಾತಿಯ ಪ್ಲಾಸ್ಟರನ್ನು ಅದರಲ್ಲಿ ಹೊಯ್ದೆ. ಹಳೆಯ ರಟ್ಟನ್ನು ಬ್ಲೇಡಿನಿಂದ ಬಿಡಿಸಿ, ಪ್ಲಾಸ್ಟರು ಬಿಗಿಯುವ ಮೊದಲು ಸಿಪಾಯಿಗಳನ್ನು ಅದರಲ್ಲಿ ನಿಲ್ಲಿಸಿದೆ. ನೋಡಲಿಕ್ಕೆ ಚೆನ್ನಾಗಿತ್ತು. ಆದರೆ ಒಂದೆರಡು ಸಲ ಎತ್ತಿ ಇಡುವಷ್ಟರಲ್ಲಿ ಅಂಚು ಪುಡಿಯಾಯಿತು. ಒಂದು ಕೈಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಇನ್ನುಳಿದವು ನಮ್ಮ ಊರಿನ ಗಾಳಿಯಲ್ಲಿ ಒಣಗಲೇ ಇಲ್ಲ. ಮುಟ್ಟಿದರೆ ಒದ್ದೆ, ಹಚ್ಚಿದ ಬಣ್ಣ ಸಿಪ್ಪೆ ಏಳುತ್ತಿತ್ತು.

ಎರಡನೆಯ ಸಲ ಹಲ್ಲಿನ ಪ್ಲೇಟಿಗೆ ಹಾಕುವ ಆಕ್ರಿಲಿಕ್ಕನ್ನೇ ತೆಗೆದುಕೊಂಡೆ. ಪುಡಿಗೆ ದ್ರವ ಸೇರಿಸಿ ಕಲಸಿದರೆ ತಾನಾಗಿ ಗಟ್ಟಿಯಾಗುವ ಜಾತಿ ಒಂದಿದೆ, ಮುರಿದ ಸೆಟ್ಟುಗಳನ್ನು ರಿಪೇರಿ ಮಾಡಲು ಇಟ್ಟುಕೊಂಡದ್ದು. ಅದನ್ನು ಸಿಪಾಯಿಯ ಕಾಲ ಸುತ್ತ ನೇರವಾಗಿ ಹೊಯ್ದುಬಿಟ್ಟರೆ ಅಂಟಿನ ಗೊಡವೆಯೇ ಇಲ್ಲ ಎಂದು ಲೆಕ್ಕ ಹಾಕಿದ್ದೆ. ಆ ದ್ರವ ಬಣ್ಣವನ್ನು ಕರಗಿಸುತ್ತದೆ ಎಂಬುದು ಹೊಳೆದದ್ದು ಬೂಟಿನ ಕಪ್ಪು ಬಿಳಿ ಇಜಾರಿಗೆ ಹತ್ತಿಕೊಂಡ ಮೇಲೆ. ಒಂದು ಸಾಲು ಸಿಪಾಯಿಗಳು ಕೆಸರು ಗದ್ದೆಯಲ್ಲಿ ನಾಟಿ ಮಾಡಿ ಬಂದವರ ಹಾಗೆ ಆದರು.

ಸಾಹೇಬರು ಬಂದಾಗ ತೋರಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಯುದ್ಧಕ್ಕೆ ಹೋದವರು, ಬಟ್ಟೆ ಕೊಳೆ ಆಗ್ತದೆ," ಎಂದರು.

"ಬಣ್ಣ ಉಂಟಲ್ಲ ನಿಮ್ಮಲ್ಲಿ? ಕಾಲಿಗೆ ಇನ್ನೊಮ್ಮೆ ಹಚ್ಚಿದ್ರೆ ಸರಿ ಆಗ್ತದೆ. ಇದನ್ನೆಲ್ಲ ನೀವೇ ಹಚ್ಚಿದ್ದಲ್ವಾ?" ಎಂದು ನಾನು ಕೇಳಿದೆ.

"ಅರ್ಧ ಆ ಇಂಜಿನಿಯರ್ ಹಚ್ಚಿದ್ದು, ಅರ್ಧ ನಾನು." ಅವರು ಸಿಪಾಯಿಗಳನ್ನೇ ನೋಡುತ್ತಿದ್ದರು. "ಈಗ ನೀವೇ ಹಚ್ಚಿಬಿಡಿ. ಬಣ್ಣದ ಡಬ್ಬಿ ಕಳಿಸ್ತೇನೆ."

ಗುಂಡಿಗಳಿಗೆ ಅಷ್ಟು ನಾಜೂಕಾಗಿ ಬಣ್ಣ ಮುಟ್ಟಿಸಿದವರು ಬೂಟಿಗೆ ಕಪ್ಪು ಬಳಿಯಲು ನನಗೇಕೆ ಹೇಳುತ್ತಾರೆ ಎಂದು ಒಂದು ಕ್ಷಣ ಅನಿಸಿತು. ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಮೂರನೆಯ ಸಲ ಅವಸರ ಮಾಡಲಿಲ್ಲ. ಕಟ್ಟುಹಲ್ಲಿಗೆ ಮಾಡುವ ಕ್ರಮವನ್ನೇ ಪೂರ್ತಿಯಾಗಿ ಮಾಡಿದೆ. ಬೇಕಾದ ಆಕಾರವನ್ನು ಮೊದಲು ಮೇಣದಲ್ಲಿ ಮಾಡಿ, ಎರಡು ಭಾಗದ ಹಿತ್ತಾಳೆ ಡಬ್ಬಿಯಲ್ಲಿ ಪ್ಲಾಸ್ಟರಿನೊಳಗೆ ಹೂಳಬೇಕು. ಬಿಸಿನೀರು ಹೊಯ್ದು ಮೇಣವನ್ನು ಕರಗಿಸಿ ತೆಗೆದರೆ ಅದರ ಜಾಗ ಖಾಲಿ ಉಳಿಯುತ್ತದೆ. ಅಲ್ಲಿಗೆ ಆಕ್ರಿಲಿಕ್ಕಿನ ಹಿಟ್ಟನ್ನು ತುಂಬಿ, ಡಬ್ಬಿ ಮುಚ್ಚಿ, ಒತ್ತಿ ಬಿಗಿದು ನೀರಿನಲ್ಲಿ ಕುದಿಸಬೇಕು. ಹೀಗೆ ಕಾಲಡಿಯ ಬಿಲ್ಲೆಗಳನ್ನು ಬೇರೆಯಾಗಿಯೇ ಮಾಡಿ, ಎರಡು ಟ್ಯೂಬಿನ ಅಂಟು ಬೆರೆಸಿ ಸಿಪಾಯಿಗಳನ್ನು ಅವುಗಳ ಮೇಲೆ ಕೂರಿಸಿದೆ. ಬಿಲ್ಲೆಗಳು ಗಟ್ಟಿಯಾಗಿ, ಸಪಾಟಾಗಿ ಬಂದವು. ಒಂದೇ ತಕರಾರು, ಬಣ್ಣ. ವಸಡಿನ ಗುಲಾಬಿ. ಇಡೀ ಪಲ್ಟಣ ಯಾರದೋ ಬಾಯಿಯೊಳಗೆ ಕವಾಯತು ಮಾಡುತ್ತಿರುವ ಹಾಗೆ ಕಾಣುತ್ತಿತ್ತು. ನಮ್ಮ ಡಾಕ್ಟ್ರು ಒಂದನ್ನು ಎತ್ತಿ ನೋಡಿ, "ಇವನಿಗೆ ಉರಿ ಏನಾದ್ರೂ ಉಂಟಾ ಕೇಳಿ," ಎಂದು ಹೋದರು.

ಗುಲಾಬಿ ಮುಚ್ಚಲು ಮರಳು ಬೇಕಾಯಿತು. ಪಣಂಬೂರಿನಿಂದ ತಂದ ಕಡಲ ಮರಳನ್ನು ಅಂಟಿಸಿದರೆ ಕೆಲವೇ ದಿನಗಳಲ್ಲಿ ಅದರಿಂದ ಬಿಳಿ ಉಪ್ಪು ಮೇಲೆದ್ದು, ಗಾಳಿಯ ನೀರೆಲ್ಲ ಅಲ್ಲೇ ಸೇರಿತು. ಕೆರೆದು ತೆಗೆದು, ನೇತ್ರಾವತಿಯ ಮರಳನ್ನು ಕಾವೂರಿನ ನಮ್ಮ ಮನೆಯಲ್ಲಿ ತೊಳೆದು ಹರಡಿದೆ. ಅಕ್ಕಿ ತೊಳೆಯುವ ಪಾತ್ರೆಗೆ ಮರಳು ಹಾಕಿದ್ದನ್ನು ನೋಡಿ ನನ್ನ ಹೆಂಡತಿ, "ಸಿಪಾಯಿಗಳಿಗೆ ಊಟ ಕೂಡ ಇಲ್ಲಿಯೇ ಎಂತ?" ಎಂದು ಕೇಳಿದಳು. ಮರಳಿಗೆ ಒಡೆದ ಹಂಚಿನ ಪುಡಿಯನ್ನು ಸ್ವಲ್ಪ ಬೆರೆಸಿದೆ. ಆಗ ನೆಲಕ್ಕೆ ನೆಲದ ಬಣ್ಣ ಬಂತು. ಎರಡೂ ಸೈನ್ಯದ ಉಳಿದವರನ್ನು ಸಾಹೇಬರು ಪೆಟ್ಟಿಗೆಯಲ್ಲಿ ತಂದುಕೊಟ್ಟರು, ಅವರಿಗೂ ಹಾಗೆಯೇ ಮಾಡಿದೆ.

"ಈ ಸಿಪಾಯಿಗಳ ಊರಿನ ಮಣ್ಣು ಇಷ್ಟು ಕೆಂಪು ಇರ್ಲಿಕ್ಕಿಲ್ಲ," ಎಂದು ನಾನೇ ಸಾಹೇಬರಿಗೆ ಹೇಳಿದೆ.

"ಇರಲಿ. ಯುದ್ಧ ಆಗುವುದು ಬಲ್ಮಠದಲ್ಲಿ ಅಲ್ವಾ," ಎಂದು ಅವರು ಪೆಟ್ಟಿಗೆ ಮುಚ್ಚಿದರು.

ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಎರಡು ಭಾನುವಾರ ಕಳೆದ ಮೇಲೆ ಸಾಹೇಬರು ಮತ್ತೆ ಬಾಗಿಲಲ್ಲಿ ನಿಂತಿದ್ದರು.

"ಬೀಳ್ತಾರೆ," ಎಂದರು.

"ಹೇಗೆ ಬೀಳ್ತಾರೆ? ನಾನು ಗಾಜಿನ ಮೇಲೆ ನಿಲ್ಲಿಸಿ ನೋಡಿದ್ದೇನೆ. ಒಂದು ಕೂಡ ಅಲುಗುವುದಿಲ್ಲ."

"ಹೌದು. ಆದ್ರೂ ಬೀಳ್ತಾರೆ. ಇನ್ನೂ ಸ್ವಲ್ಪ ಅಗಲ ಮಾಡ್ಲಿಕ್ಕೆ ಆಗ್ತದಾ ನೋಡಿ."

ಸೆಟ್ಟು ನೋಯುತ್ತದೆ ಎಂದು ಯಾರಾದರೂ ಬಂದರೆ ಪ್ಲೇಟನ್ನು ಮಾತ್ರ ನೋಡಿ ಉಪಯೋಗವಿಲ್ಲ, ಅವರು ಊಟ ಮಾಡುವುದನ್ನು ನೋಡಬೇಕು. ಹಾಗಾಗಿ ಮುಂದಿನ ಭಾನುವಾರ ಕಾವೂರಿನಿಂದ ಬಸ್ಸು ಹತ್ತಿ ಬಂದು, ಶೆಟ್ರ ಹೋಟೆಲಿನ ಮಾಳಿಗೆಗೆ ಹೋದೆ.

ಎರಡು ಮೇಜು ಸೇರಿಸಿ ಮೇಲೆ ಪ್ಲೈವುಡ್ ಹಾಕಿದ್ದರು. ನಡುವೆ ನೀಲಿ ಬಣ್ಣದ ಹೊಳೆ, ಅದಕ್ಕೊಂದು ಮರದ ಸೇತುವೆ, ಆಚೀಚೆ ಗುಡ್ಡ, ಪುಟ್ಟ ಆಟದ ಮರಗಳು. ಶೆಟ್ರು ಅಗಲ ಮೈಕಟ್ಟಿನ, ಗಟ್ಟಿ ದನಿಯ ಮನುಷ್ಯ. ನನಗೊಂದು ಕುರ್ಚಿ ತೋರಿಸಿ, ಚಾ ತರಿಸಿ, ಆಟಕ್ಕೆ ಮರಳಿದರು. ಆ ಹೊತ್ತು ಅವರಿಗೆ ಕೆಳಗಿನ ಹೋಟೆಲು ಮರೆತೇ ಹೋಗಿತ್ತು. ಅವರು ಸಿಪಾಯಿಗಳನ್ನು ಎರಡೆರಡಾಗಿ ಹಿಡಿದು ಚಕಚಕನೆ ಇಡುತ್ತಿದ್ದರು. ಒಬ್ಬನೂ ಬೀಳಲಿಲ್ಲ.

ಸಾಹೇಬರ ಸರದಿ ಬಂತು. ಅವರು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಒಬ್ಬ ಸಿಪಾಯಿಯನ್ನು ಎತ್ತಿದರು. ಎತ್ತಿದ್ದೇ ಬೆರಳು ನಡುಗತೊಡಗಿತು. ಸಾಲಿನೊಳಗೆ ಇಳಿಸುವಾಗ ನಡುಕ ಇನ್ನೂ ಹೆಚ್ಚಾಯಿತು. ಅವನ ಬಂದೂಕು ಪಕ್ಕದವನಿಗೆ ತಾಗಿ, ಪಕ್ಕದವನು ಅದರಾಚೆಯವನಿಗೆ ತಾಗಿ, ಸಾಲು ಮಲಗಿತು. ನೆಟ್ಟಗೆ ಮಾಡಲು ಹೋದಾಗ ಹಿಂದಿನ ಸಾಲೂ ಮಲಗಿತು.

ಶೆಟ್ರು ದಾಳವನ್ನು ಮೇಜಿನ ಮೇಲಿಟ್ಟರು. "ಈ ನಡುವೆ ನಿಮಗೆ ಆಟದಲ್ಲಿ ಮನಸ್ಸೇ ಇಲ್ಲ. ಅರ್ಧಕ್ಕೆ ಎದ್ದು ಹೋಗ್ತೀರಿ. ಬೇಡ ಅಂತ ಆದ್ರೆ ಹೇಳಿಬಿಡಿ ಮಾರಾಯ್ರೆ. ಈ ಕೋಣೆಗೆ ಜನ ಕೇಳ್ತಾ ಇದ್ದಾರೆ."

"ಹಾಗೆ ಎಂತದ್ದೂ ಇಲ್ಲ," ಎಂದರು ಸಾಹೇಬರು. ಆ ದಿನದ ಆಟವೂ ಅರ್ಧಕ್ಕೇ ನಿಂತಿತು. ಅವರ ಮುಂದಿದ್ದ ಚಾ ಮುಟ್ಟದೆ ಆರಿಹೋಗಿತ್ತು.

ನಾವಿಬ್ಬರೂ ಒಟ್ಟಿಗೆ ಇಳಿದೆವು. ರಸ್ತೆಗೆ ಬಂದ ಮೇಲೆ ನಾನು ಕೇಳಿದೆ, "ಕೈ ನಡುಗಲಿಕ್ಕೆ ಶುರುವಾಗಿ ಎಷ್ಟು ಸಮಯ ಆಯ್ತು?"

ಸಾಹೇಬರು ಮುಖ ತಿರುಗಿಸಲಿಲ್ಲ. "ಗಲ್ಫಿನಲ್ಲಿ ಇರುವಾಗಲೇ ಸ್ವಲ್ಪ ಇತ್ತು. ಈಗ ಜಾಸ್ತಿ. ನರದ ಡಾಕ್ಟ್ರು ನೋಡಿದ್ದಾರೆ. ಪ್ರಾಣಕ್ಕೆ ಎಂತ ಆಗ್ಲಿಕ್ಕಿಲ್ಲ, ಆದ್ರೆ ಕಡಿಮೆ ಆಗುದಿಲ್ಲ ಅಂದ್ರು. ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತು."

"ಶೆಟ್ರಿಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಅವರು ಬೇಕಂತ ಸೋಲ್ತಾರೆ," ಎಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದರು, "ಮಕ್ಕಳ ಜೊತೆ ಆಡುವಾಗ ನಾವು ಸೋಲ್ತೇವಲ್ಲ, ಹಾಗೆ. ನನಗೆ ಅದು ಬೇಡ. ಅದಕ್ಕಿಂತ ಮನಸ್ಸಿಲ್ಲ ಅಂತ ಅವರು ತಿಳ್ಕೊಳ್ಳುದೇ ಒಳ್ಳೆದು."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬಿಲ್ಲೆಯನ್ನು ಎಷ್ಟು ಅಗಲ ಮಾಡಿದರೂ, ಎಷ್ಟು ಭಾರ ಮಾಡಿದರೂ, ಒಂದೊಂದೇ ಸಿಪಾಯಿಯನ್ನು ಎತ್ತಿ ಇಡುವವರೆಗೆ ಈ ಕಾಟ ತಪ್ಪುವುದಿಲ್ಲ. ಎತ್ತುವುದನ್ನೇ ಬಿಡಿಸಬೇಕು. ಸಿಪಾಯಿಗಳು ಒಟ್ಟಾಗಿ ಒಂದು ತಟ್ಟೆಯಲ್ಲಿ ನಿಂತಿರಬೇಕು, ತಟ್ಟೆಯನ್ನು ಮೇಜಿನ ಮೇಲೆ ತಳ್ಳುವ ಹಾಗಿರಬೇಕು. ಕಾವೂರು ಬರುವಷ್ಟರಲ್ಲಿ ಅಷ್ಟು ನಿಶ್ಚಯವಾಗಿತ್ತು.

ಆದರೆ ಸಿಪಾಯಿಗಳನ್ನು ತಟ್ಟೆಗೇ ಅಂಟಿಸಿಬಿಡುವ ಹಾಗಿರಲಿಲ್ಲ. ಆಟದಲ್ಲಿ ಸತ್ತವರನ್ನು ಒಬ್ಬೊಬ್ಬರಾಗಿ ತೆಗೆಯುತ್ತಾರೆ. ಹಾಗಾಗಿ ತಟ್ಟೆಯಲ್ಲಿ ದುಂಡನೆಯ ಗುಳಿಗಳು ಬೇಕು, ಪ್ರತಿ ಗುಳಿಯಲ್ಲಿ ಒಂದು ಬಿಲ್ಲೆ ಕೂರಬೇಕು. ಕಟ್ಟುಹಲ್ಲು ಮಾಡುವವನಿಗೆ ಇದು ದಿನದ ಕೆಲಸ. ಮೇಣದ ದಪ್ಪ ಹಾಳೆಯಲ್ಲಿ ಬಿಲ್ಲೆಗಳನ್ನು ಒತ್ತಿ ಗುಳಿ ಮಾಡಿ, ಡಬ್ಬಿಯಲ್ಲಿ ಹೂತು, ಕುದಿಸಿದೆ. ನನ್ನ ಹಿತ್ತಾಳೆ ಡಬ್ಬಿ ಒಂದು ದವಡೆಯ ಅಳತೆಯದ್ದು, ಆದ್ದರಿಂದ ಒಂದು ತಟ್ಟೆಯಲ್ಲಿ ಆರು ಜನರಿಗೆ ಮಾತ್ರ ಜಾಗ. ಮೊದಲ ತಟ್ಟೆಯನ್ನು ಬಿಸಿ ಇರುವಾಗಲೇ ಹೊರತೆಗೆದೆ, ಅದು ದೋಣಿಯ ಹಾಗೆ ಬಾಗಿತು. ಎರಡನೆಯದನ್ನು ನೀರಿನಲ್ಲೇ ಬಿಟ್ಟು, ಪೂರ್ತಿ ತಣಿದ ಮೇಲೆ ತೆಗೆದೆ. ಸಪಾಟಾಗಿ ಬಂತು.

ತಟ್ಟೆಯ ತಳಕ್ಕೆ ಭಾರ ಬೇಕಿತ್ತು. ಬಂದರಿನಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡುಗಳು ಸಿಗುತ್ತವೆ. ಅವನ್ನು ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡಿ, ತಟ್ಟೆಯ ಅಡಿ ಕೊರೆದು ಕೂರಿಸಿ, ಮೇಲೆ ಆಕ್ರಿಲಿಕ್ ಮುಚ್ಚಿದೆ. ಆಮೇಲೆ ಅಡಿಯನ್ನು, ನಾಲಿಗೆ ತಾಗುವ ಕಡೆ ಸೆಟ್ಟಿಗೆ ಕೊಡುವಂಥ ನುಣುಪು ಬರುವವರೆಗೆ ಉಜ್ಜಿದೆ. ಬೆರಳು ತಾಗಿಸಿದರೆ ಸಾಕು, ಪ್ಲೈವುಡ್ಡಿನ ಮೇಲೆ ಜಾರುತ್ತಿತ್ತು.

ಉಳಿದದ್ದು ಹಿಡಿ. ಸಾಹೇಬರನ್ನು ಕರೆಸಿ, ತಟ್ಟೆಯ ಹಿಂಬದಿಗೆ ಮೆತ್ತಗಿನ ಮೇಣ ಹಚ್ಚಿ, ಹಿಡಿದು ತಳ್ಳಿ ಎಂದೆ. ದವಡೆಯ ಅಚ್ಚು ತೆಗೆಯುವ ಹಾಗೆ ಅವರ ಬೆರಳಿನ ಅಚ್ಚು ತೆಗೆಯುವ ಯೋಚನೆ ನನ್ನದು. ಆದರೆ ಅಚ್ಚು ಒಂದು ಕಡೆ ನಿಲ್ಲಲಿಲ್ಲ. ಹೆಬ್ಬೆರಳಿನ ಗುರುತು ಒಂದರ ಮೇಲೊಂದು ಬಿದ್ದು ಒಂದು ಉದ್ದ ಹಳ್ಳವಾಯಿತು.

"ಕೆಟ್ಟಿತು, ಅಲ್ವಾ?" ಎಂದರು ಸಾಹೇಬರು.

ನಾನು ಅದನ್ನೇ ನೋಡುತ್ತಿದ್ದೆ. ಬೆರಳು ಎಷ್ಟು ಅಗಲಕ್ಕೆ ಓಡಾಡುತ್ತದೆಯೋ ಅಷ್ಟು ಅಗಲದ ಹಿಡಿ ಕೊಟ್ಟರೆ ಆಯಿತು. "ಕೆಡಲಿಲ್ಲ. ಹೀಗೆಯೇ ಇರಬೇಕು," ಎಂದೆ. ಆ ಹಳ್ಳವನ್ನು ಅಳಿಸದೆ, ಅದರ ಅಂಚನ್ನು ಸ್ವಲ್ಪ ಎತ್ತರ ಮಾಡಿ ಹಿಡಿಯನ್ನು ರೂಪಿಸಿದೆ. ಅಂಗೈಯ ಬುಡ ಮೇಜಿಗೆ ಒರಗಿರುತ್ತದೆ, ಬೆರಳು ಹಳ್ಳದೊಳಗೆ ಹೇಗೆ ಬೇಕಾದರೂ ಅಲುಗಲಿ, ತಟ್ಟೆ ಮುಂದಕ್ಕೇ ಹೋಗುತ್ತದೆ. ನನ್ನ ಕೆಲಸದ ಮೇಜಿನ ಈ ತುದಿಯಿಂದ ಆ ತುದಿಗೆ ಸಾಹೇಬರು ತಟ್ಟೆ ತಳ್ಳಿದರು. ಬಂದೂಕುಗಳು ಸಣ್ಣಗೆ ಕಂಪಿಸಿದವು. ಆರು ಜನರೂ ನಿಂತೇ ಇದ್ದರು. ಅವರು ತಟ್ಟೆಯನ್ನು ವಾಪಸ್ ತಂದು ಮತ್ತೊಮ್ಮೆ ತಳ್ಳಿದರು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ತಟ್ಟೆಯ ಅಂಚು ಸೇರಿದರೆ ಸಾಲು ಮೊದಲಿಗಿಂತ ಅಗಲ. ಸೇತುವೆಯ ಮೇಲೆ ಎಷ್ಟು ಜನ ಸಾಲಾಗಿ ದಾಟಬಹುದು, ಎದುರಿಗೆ ಎಷ್ಟು ಬಂದೂಕು ನಿಲ್ಲಬಹುದು ಎಂಬುದೆಲ್ಲ ಆ ಅಗಲದ ಮೇಲೆ ನಿಂತ ಆಟ. ಎದುರಾಳಿ ಒಪ್ಪದೆ ತಟ್ಟೆ ಮೇಜಿನ ಮೇಲೆ ಬರುವ ಹಾಗಿಲ್ಲ. ಒಪ್ಪಿಸಬೇಕಾದರೆ ಕಾರಣ ಹೇಳಬೇಕು.

"ಬೇಸ್ ಹೀಗೆ ಆದ್ರೆ ಮಾತ್ರ ಬಾಳಿಕೆ ಬರ್ತದೆ ಅಂತ ಶೆಟ್ರಿಗೆ ನಾನು ಹೇಳ್ತೇನೆ," ಎಂದೆ.

ಸಾಹೇಬರು ತಟ್ಟೆಯ ಹಿಡಿಯನ್ನು ಸವರುತ್ತ ಕೂತರು. ಕೊನೆಗೆ, "ಬೇಡ. ಭಾನುವಾರ ನೀವು ಬನ್ನಿ. ಮಾತು ನಾನು ಆಡ್ತೇನೆ," ಎಂದರು.

ಆ ಭಾನುವಾರ ಶೆಟ್ರು ಸೈನ್ಯ ಜೋಡಿಸುತ್ತಿದ್ದಾಗ ಚಾ ಬಂತು. ಸಾಹೇಬರು ಕುರ್ಚಿ ಎಳೆದು ಅವರ ಎದುರಿಗೇ ಕೂತು, "ಶೆಟ್ರೇ, ಸ್ವಲ್ಪ ಇಲ್ಲಿ ನೋಡಿ," ಎಂದು ಒಂದೇ ಕೈಯಲ್ಲಿ ಲೋಟ ಎತ್ತಿದರು. ಮಣಿಕಟ್ಟು ಹಿಡಿಯಲಿಲ್ಲ. ಚಾ ಅಂಚಿನಿಂದ ಚೆಲ್ಲಿ ಅವರ ಬಿಳಿ ಮುಂಡಿನ ಮೇಲೆ ಬಿತ್ತು. ಬಾಯಿಯವರೆಗೆ ಒಯ್ದು ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಟ್ಟರು.

ಶೆಟ್ರು ಕೈಯಲ್ಲಿದ್ದ ಸಿಪಾಯಿಯನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದರು. ಕೆಳಗಿನ ಹೋಟೆಲಿನಲ್ಲಿ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು.

"ಇದು ನನ್ನ ಮನಸ್ಸಲ್ಲ, ಕೈ," ಎಂದರು ಸಾಹೇಬರು. "ಇನ್ನು ಹೀಗೆಯೇ. ಇವರು ಒಂದು ತಟ್ಟೆ ಮಾಡಿದ್ದಾರೆ. ಅದು ನಿಮಗೆ ಆಗ್ತದೆ ಅಂತಾದ್ರೆ ಆಡುವ. ಆದ್ರೆ ಆಟ ಆಟದ ಹಾಗೆ ಇರಬೇಕು. ನನಗಾಗಿ ಒಂದು ದಾಳ ಕೂಡ ನೀವು ಬಿಟ್ಟುಕೊಡಬಾರದು. ಬಿಟ್ಟದ್ದು ನನಗೆ ಗೊತ್ತಾದ್ರೆ ಮತ್ತೆ ನಾನು ಈ ಮೆಟ್ಟಿಲು ಹತ್ತುದಿಲ್ಲ."

ಕೋಣೆ ಬೇರೆಯವರಿಗೆ ಕೊಡುವ ಮಾತಾಡಿದ್ದು ಶೆಟ್ರಿಗೆ ನೆನಪಾಗಿರಬೇಕು. ಅವರ ಮುಖ ಸ್ವಲ್ಪ ಕೆಂಪಾಗಿತ್ತು. ಆಮೇಲೆ ನನ್ನ ಕಡೆ ಕೈ ಚಾಚಿ ತಟ್ಟೆ ತೆಗೆದುಕೊಂಡು, ತಿರುಗಿಸಿ ನೋಡಿ, ಸ್ಕೇಲಿಟ್ಟು ಅಳೆದರು.

"ಇದು ಸೇತುವೆಯಲ್ಲಿ ಹಿಡಿಯುದಿಲ್ಲ," ಎಂದರು.

"ಇಲ್ಲ," ಎಂದೆ.

"ಹಾಗಾದ್ರೆ ಸೇತುವೆ ಬದಲಾಯಿಸಬೇಕು. ನನ್ನ ಕಡೆಯವರಿಗೆ ಕೂಡ ಇಂಥದ್ದೇ ಬೇಕು. ಒಬ್ಬನದ್ದು ಅಗಲ, ಇನ್ನೊಬ್ಬನದ್ದು ಸಪೂರ ಆದ್ರೆ ಲೆಕ್ಕ ಸರಿ ಬರುದಿಲ್ಲ." ಸಾಹೇಬರ ಕಡೆ ತಿರುಗಿ ಹೇಳಿದರು, "ಸತ್ತವರನ್ನು ತೆಗೆಯುದು ಬೇಕಾದ್ರೆ ನಾನೇ ತೆಗೀತೇನೆ."

"ನನ್ನ ಸತ್ತವರನ್ನು ನಾನೇ ತೆಗೀಬೇಕು," ಎಂದರು ಸಾಹೇಬರು.

ಅದಕ್ಕೂ ದಾರಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಬಿಲ್ಲೆಗಳು ಗುಳಿಯಲ್ಲಿ ಬಿಗಿಯಾಗಿ ಕೂರುತ್ತಿದ್ದವು. ಬಿಗಿಯೇ ನಮ್ಮ ಕಸುಬಿನಲ್ಲಿ ಹೆಮ್ಮೆ, ಇಲ್ಲಿ ಅದೇ ಅಡ್ಡಿ. ಗುಳಿಗಳನ್ನು ಕೂದಲೆಳೆಯಷ್ಟು ಸಡಿಲ ಮಾಡಿದೆ. ಪ್ರತಿ ಗುಳಿಯ ಅಡಿಯಲ್ಲಿ ಸೀಸ ಇಲ್ಲದ ಜಾಗದಲ್ಲಿ ಒಂದು ತೂತು ಕೊರೆದೆ. ತಟ್ಟೆಯನ್ನು ಮೇಜಿನ ಅಂಚಿನಿಂದ ಸ್ವಲ್ಪ ಹೊರಗೆ ಎಳೆದು, ಕೆಳಗಿನಿಂದ ಬೆರಳು ಒತ್ತಿದರೆ ಒಬ್ಬನೇ ಮೇಲೇಳುತ್ತಾನೆ, ಪಕ್ಕದವರಿಗೆ ತಾಗುವುದಿಲ್ಲ. ಎರಡೂ ಸೈನ್ಯಕ್ಕೆ ಆಗುವಷ್ಟು ತಟ್ಟೆ ಮಾಡಿ, ಮರಳು ಹಾಕಿ ಮುಗಿಸುವಾಗ ಮಳೆಗಾಲ ಹೋಗಿ ಚಳಿಯೂ ಕಳೆದಿತ್ತು. ಕ್ಲಿನಿಕ್ಕಿನ ಕೆಲಸ ಮುಗಿದ ಮೇಲೆ ಉಳಿದ ಸಂಜೆಗಳಲ್ಲಿ ಮಾಡಿದ್ದು ಅದು. ಆ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ್ದು ಬೇರೆ ಇರಲಿಕ್ಕಿಲ್ಲ.

ಹೊಸ ತಟ್ಟೆಗಳ ಮೊದಲ ಯುದ್ಧಕ್ಕೆ ನನ್ನನ್ನೂ ಕರೆದರು. ಹೊಸ ಸೇತುವೆಯನ್ನು ಶೆಟ್ರು ತಮ್ಮ ಬಡಗಿಯ ಕೈಯಲ್ಲಿ ಮಾಡಿಸಿದ್ದರು. ಸಾಹೇಬರು ಆರಂಭದಲ್ಲಿ ಬಹಳ ಜಾಗ್ರತೆಯಿಂದ ತಳ್ಳಿದರು. ಎರಡು ಮೂರು ಸರದಿ ಕಳೆದ ಮೇಲೆ ಕೈಯ ಕಡೆ ನೋಡುವುದನ್ನು ಬಿಟ್ಟರು. ತಟ್ಟೆ ಪ್ಲೈವುಡ್ಡಿಗೆ ಸಣ್ಣಗೆ ಕಟಕಟ ಎನ್ನುತ್ತಿತ್ತು, ಅವರಿಗದು ಕೇಳುತ್ತಲೂ ಇರಲಿಲ್ಲ. ಎಡಗಡೆಯ ಗುಡ್ಡವನ್ನು ಹಿಡಿದರು. ಆ ಹುರುಪಿನಲ್ಲಿ ಕುದುರೆ ಸವಾರರನ್ನೆಲ್ಲ ಸೇತುವೆಯಾಚೆ ದಾಟಿಸಿದರು.

ಶೆಟ್ರು ಅದಕ್ಕೇ ಕಾದಿದ್ದರು. ಮರಗಳ ಹಿಂದೆ ಇಟ್ಟಿದ್ದ ಫಿರಂಗಿಗಳನ್ನು ಮುಂದೆ ತಂದು, ಸೇತುವೆಯ ಬಾಯಿಯನ್ನು ಕಟ್ಟಿದರು. ದಾಳದ ಮೇಲೆ ದಾಳ. ಒಂದು ಸಲವೂ ಕೈ ತಡೆಯಲಿಲ್ಲ. ಸಾಹೇಬರು ತಟ್ಟೆಗಳನ್ನು ಒಂದೊಂದಾಗಿ ಅಂಚಿಗೆ ಎಳೆದು, ಕೆಳಗಿನಿಂದ ಬೆರಳು ಒತ್ತಿ, ತಮ್ಮವರನ್ನು ತೆಗೆಯುತ್ತ ಬಂದರು. ಬೆಳಕು ಕಂತುವಷ್ಟರಲ್ಲಿ ಅವರ ಕಡೆ ಹೆಚ್ಚು ಜನ ಉಳಿದಿರಲಿಲ್ಲ.

"ಸೋತಿರಿ," ಎಂದರು ಶೆಟ್ರು.

ಸಾಹೇಬರು ಹಿಂದಕ್ಕೆ ಒರಗಿ ಇಡೀ ಮೇಜನ್ನು ನೋಡಿದರು. ನನಗೆ ಅವರ ಹಲ್ಲೆಲ್ಲ ಕಾಣುವಷ್ಟು ಅಗಲವಾಗಿ ನಕ್ಕರು.

"ಸೋತೆ," ಎಂದರು. "ಆ ಕುದುರೆಗಳನ್ನು ನಾನು ದಾಟಿಸಬಾರದಿತ್ತು."

ಕೆಳಗೆ ಹೋಟೆಲಿನ ದೀಪ ಹಾಕಿದ್ದರು. ಹಾಗಲ್ಲ, ದಾಟಿಸಿದ್ದು ಸರಿ, ದಾಟಿಸಿದ ಹೊತ್ತು ತಪ್ಪು ಎಂದು ಶೆಟ್ರು ವಾದ ತೆಗೆದರು. ಇಬ್ಬರ ದನಿಯೂ ಏರಿತು. ನಾನು ಎದ್ದು ಹೊರಟದ್ದನ್ನು ಯಾರೂ ಗಮನಿಸಲಿಲ್ಲ.